ಒಂದು ಬಕೀಟು ಹಳೇ ನೀರು

ಚೀಲ ಬಿಚ್ಚುವ ಹಾಗಿಲ್ಲ. ಇನ್ನೂ ಹನ್ನೊಂದು ನಿಮಿಷ.

ಬಸವಪ್ರಸಾದ ಹಿತ್ತಲ ಫರಸಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕೈಗಡಿಯಾರ ನೋಡಿದ. ಕರೀ ಪ್ಲಾಸ್ಟಿಕ್ ಟಬ್ಬಿನ ನೀರಿನ ಮೇಲೆ, ಗಾಳಿ ತುಂಬಿ ಬಾಯಿ ಕಟ್ಟಿದ ಚೀಲ ತೇಲುತ್ತಿತ್ತು. ಅದರೊಳಗೆ ನಾಲ್ಕು ಗೋಲ್ಡ್‌ಫಿಶ್. ನಿನ್ನೆ ಸಂಜೆ ಗದಗಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಮಗ್ಗುಲಲ್ಲಿ ಕೂತವರು ಚೀಲದ ಮೇಲೆ ಹೊದಿಸಿದ ಟವೆಲ್ ನೋಡಿ "ಏನ್ರಿ ಅದು?" ಎಂದು ಕೇಳಿದ್ದರು. "ಔಷಧಿ" ಎಂದಿದ್ದ. ಯಾಕೆ ಹಾಗೆ ಹೇಳಿದೆ ಎಂದು ಅವನಿಗೇ ತಿಳಿಯಲಿಲ್ಲ. ಮೀನು ಎಂದಿದ್ದರೆ ಮಾತು ಬೆಳೆಯುತ್ತಿತ್ತು, ಅಷ್ಟೆ.

ಯೂಟ್ಯೂಬಿನ ಮನುಷ್ಯ ಹೇಳಿದ್ದನ್ನೆಲ್ಲ ಅವನು ನೋಟ್‌ಬುಕ್ಕಿನಲ್ಲಿ ಅಂಕಿ ಹಾಕಿ ಬರೆದುಕೊಂಡಿದ್ದ. ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷ ತರ್ಕಶಾಸ್ತ್ರ ಕಲಿಸಿದವನಿಗೆ ಅಂಕಿ ಹಾಕದೆ ಏನನ್ನೂ ನಂಬುವುದು ಕಷ್ಟ. ನಳದ ನೀರಿನಲ್ಲಿ ಬ್ಲೀಚಿಂಗ್ ಇರುತ್ತದೆ, ಅದರಲ್ಲಿ ಮೀನು ಬಿಟ್ಟರೆ ಸಾಯುತ್ತವೆ. ನೀರನ್ನು ಬಿಸಿಲಿಗೆ ಬಿಡಬೇಕು. ಎಷ್ಟು ಹಳೆಯದಾದರೆ ಅಷ್ಟು ಒಳ್ಳೆಯದು. ಮೀನಿನ ಚೀಲವನ್ನು ಇಪ್ಪತ್ತು ನಿಮಿಷ ಆ ನೀರಿನ ಮೇಲೆ ತೇಲಬಿಟ್ಟೇ ಬಿಚ್ಚಬೇಕು. ಹತ್ತು ದಿನದ ಹಿಂದೆ ನಳ ಬಂದಾಗ ತುಂಬಿದ ನೀರು ಇದು. ತಳದಲ್ಲಿ ಎರಡು ಇಟ್ಟಂಗಿ, ಅದರ ಮೇಲೆ ಎರೆಮಣ್ಣು ತುಂಬಿದ ಕುಂಡ, ಕುಂಡದಲ್ಲಿ ನೈದಿಲೆಯ ಗಡ್ಡೆ. ಮಣ್ಣು ಏಳದಂತೆ ಮೇಲೊಂದು ಪದರ ಉಸುಕು. ಅಂಚಿಗೆ ನಾಲ್ಕು ಅಂತರಗಂಗೆ. ನೀರು ತಿಳಿಹಸಿರಾಗಿತ್ತು. ಹಸಿರಾದರೆ ಹೆದರಬೇಡಿ, ಅದು ಜೀವಂತ ನೀರು ಎಂದಿದ್ದ ಯೂಟ್ಯೂಬಿನವ.

"ಏನ್ ಮಾಡಾಕತ್ತೀರಿ ಸರ?"

ಗೋಡೆಯಾಚೆ ಗೌರವ್ವನ ತಲೆ. ಮಗ್ಗುಲ ಮನೆಯವಳು. ಎರಡು ಹಿತ್ತಲಿಗೂ ನಡುವೆ ಒಂದೇ ಗೋಡೆ, ಗೋಡೆಗೆ ಒಂದು ಸಣ್ಣ ದಿಡ್ಡಿಬಾಗಿಲು.

"ಏನಿಲ್ರಿ."

"ಅಲ್ಲ, ಆ ಟಬ್ಬು ಎದಕ್ಕಂತ? ಹತ್ತ ದಿನಾತು ನೋಡಾಕತ್ತೀನಿ."

"ಸುಮ್ನ ಇಟ್ಟೀನ್ರಿ."

ಚೀಲ ಕಾಣದಂತೆ ಅವನು ಭುಜ ಅಡ್ಡ ತಂದ. ಗೌರವ್ವ ಸ್ವಲ್ಪ ಹೊತ್ತು ನಿಂತಳು. ಅವನು ಇನ್ನೇನಾದರೂ ಹೇಳಿಯಾನು ಎಂದು ಕಾದಳು. ಆಮೇಲೆ ತಲೆ ಇಳಿಯಿತು.

ಹನ್ನೊಂದು ಗಂಟೆಯ ಬಸ್ಸಿಗೆ ದೇವಿಕಾ ಬರುವವಳಿದ್ದಳು. ಅವನ ಹೆಂಡತಿ. ಹನ್ನೊಂದು ತಿಂಗಳಿನಿಂದ ಗಜೇಂದ್ರಗಡದಲ್ಲಿ ಒಂದು ಕೋಣೆ ಮಾಡಿಕೊಂಡು ಇದ್ದಾಳೆ. ಅಲ್ಲಿಯ ಹೈಸ್ಕೂಲಿನಲ್ಲಿ ಟೀಚರು. ಓಡಾಡುವುದು ಕಷ್ಟ ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ. ತಾಸಿಗೊಂದು ಬಸ್ಸಿದೆ ಎಂದು ಕೇಳಿದವರಿಗೆಲ್ಲ ಗೊತ್ತು.

ಜಗಳವಾಡಿ ಹೋದವಳಲ್ಲ. ಹೋದ ವರ್ಷ ಅವನು ಪೇಪರ್ ವ್ಯಾಲ್ಯುಯೇಷನ್ ಇದೆ ಎಂದು ಹೇಳಿ ಧಾರವಾಡಕ್ಕೆ ಹೋಗಿ, ದವಾಖಾನೆಯಲ್ಲಿ ಮಲಗಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ಹೊಲಿಗೆ ಬಿಚ್ಚುವವರೆಗೂ ಹೇಳಿರಲಿಲ್ಲ. ಹೇಳಿದರೆ ಗಾಬರಿಯಾಗುತ್ತಾಳೆ, ಅವಳ ಅಣ್ಣ ಬರುತ್ತಾನೆ, ಹತ್ತು ಜನ ಹಾಸಿಗೆಯ ಸುತ್ತ ನಿಲ್ಲುತ್ತಾರೆ ಎಂದು ಅವನ ತರ್ಕ. ದೇವಿಕಾ ಹೊಲಿಗೆಯ ಗುರುತು ನೋಡಿದಳು. ಅಳಲಿಲ್ಲ. "ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ," ಎಂದಳು. ತಿಂಗಳೊಪ್ಪತ್ತಿನಲ್ಲಿ ಕೋಣೆ ಹಿಡಿದಳು.

ನಾಳೆ ಗದಗಿನಲ್ಲಿ ಅವಳ ವರ್ಗಾವಣೆಯ ಕೌನ್ಸೆಲಿಂಗ್. ಇಲ್ಲೇ, ಈ ರೋಣದಲ್ಲಿ ಒಂದು ಜಾಗ ಖಾಲಿ ಇತ್ತು, ದೂರದ ಶಿರಹಟ್ಟಿಯಲ್ಲಿ ಒಂದು. "ಐತವಾರ ಬರ್ತೀನಿ. ಬಂದು ನೋಡಿ ತೀರ್ಮಾನ ಮಾಡ್ತೀನಿ," ಎಂದಿದ್ದಳು ಫೋನಿನಲ್ಲಿ. ಏನು ನೋಡಿ ಎಂದು ಅವಳು ಹೇಳಲಿಲ್ಲ. ಅವನು ಕೇಳಲಿಲ್ಲ. ಆದರೆ ಅದಕ್ಕೂ ಹಿಂದಿನ ಒಂದು ಫೋನಿನಲ್ಲಿ ಅವಳು ತನ್ನ ಶಾಲೆಯ ಗಾಜಿನ ತೊಟ್ಟಿಯ ಮೀನುಗಳ ಬಗ್ಗೆ ಮಾತಾಡಿದ್ದಳು, ಹದಿನಾಲ್ಕು ನಿಮಿಷ. ಆ ವರ್ಷದ ಅತಿ ಉದ್ದದ ಮಾತು ಅದು. ಫೋನ್ ಇಟ್ಟ ಮೇಲೆ ಅವನು ಟಬ್ಬು ತರಲು ಹೋಗಿದ್ದ.

ಹನ್ನೊಂದು ನಿಮಿಷ ಮುಗಿಯಿತು. ಚೀಲದ ಬಾಯಿ ಬಿಚ್ಚಿ, ಲೋಟದಿಂದ ಟಬ್ಬಿನ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಹಾಕಿ, ಚೀಲವನ್ನು ಓರೆ ಮಾಡಿದ. ಒಂದು ಮೀನು ಹೊರಬಂತು. ಹಿಂದೆಯೇ ಮೂರು. ನೈದಿಲೆಯ ಎಲೆಯ ಕೆಳಗೆ ಹೋಗಿ ನಿಂತವು. ಅವನ ಎದೆಯಲ್ಲಿ ಏನೋ ಆಯಿತು. ಅದು ಖುಷಿ ಎಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಬಸ್ಸು ಹನ್ನೊಂದಕ್ಕೆ ಬರಲಿಲ್ಲ, ಹನ್ನೆರಡಕ್ಕೂ ಬರಲಿಲ್ಲ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅವನು ಹೇಳಬೇಕಾದದ್ದನ್ನು ಹೊಂದಿಸುತ್ತಿದ್ದ. 'ನೀ ಇಲ್ಲದ ಭಾಳ ಬ್ಯಾಸರಾಗೇತಿ.' ಹೇಳಿಕೊಂಡು ನೋಡಿದ. ಯಾರದೋ ಮಾತಿನ ಹಾಗೆ ಕೇಳಿಸಿತು. 'ಬಂದು ಬಿಡು.' ಇದು ಅಪ್ಪಣೆಯಾಯಿತು. 'ಮೀನು ತಂದೀನಿ.' ಇದು ಸರಿ. ಇದರಲ್ಲಿ ಉಳಿದ ಎರಡೂ ಇವೆ ಎಂದು ತನಗೆ ತಾನೇ ಒಪ್ಪಿಸಿದ.

ಒಂದೂಕಾಲಿಗೆ ದೇವಿಕಾ ಇಳಿದಳು. ಅವನ ಕಣ್ಣು ಮೊದಲು ಬ್ಯಾಗಿಗೆ ಹೋಯಿತು. ಸಣ್ಣದು. ಇರಲು ಬಂದವರ ಬ್ಯಾಗಲ್ಲ. ಆದರೆ ಬರೀ ಪರ್ಸೂ ಅಲ್ಲ.

"ರಶ್ ಇತ್ತೇನು?"

"ಇತ್ತು."

"ಊಟ?"

"ಆಮ್ಯಾಲ."

ಓಣಿಯ ತಿರುವಿಗೆ ಬಂದಾಗ ನೆಲ ಹಸಿಯಾಗಿತ್ತು. ಗಟಾರ ತುಂಬಿ ಹರಿಯುತ್ತಿತ್ತು. ಬಾಗಿಲು ಬಾಗಿಲಿಗೆ ತೊಳೆದಿಟ್ಟ ಕೊಡ, ಬೋರಲು ಹಾಕಿದ ಬಕೀಟು.

"ನಳಾ ಬಂದಾವಲ್ಲ!" ಎಂದಳು ದೇವಿಕಾ. ಅವಳ ದನಿಯಲ್ಲಿ ಈ ಊರಿನ ಹೆಂಗಸಿನ ಸಡಗರವಿತ್ತು. "ನಾಳೆ ಅಂದಿದ್ರಿ?"

"ಲಗೂ ಬಿಟ್ಟಾರ ಕಾಣಿಸ್ತದ."

ಅವನಿಗೆ ಇನ್ನೂ ಹೊಳೆದಿರಲಿಲ್ಲ. ಗೌರವ್ವ ಬಾಗಿಲಲ್ಲೇ ನಿಂತಿದ್ದಳು. ಸೀರೆ ಮೊಳಕಾಲಿನವರೆಗೆ ತೋಯ್ದಿತ್ತು.

"ಬರ್ರಿ ಅಕ್ಕಾರ, ಬರ್ರಿ! ನೀವು ಬೇಸ್ತವಾರ ಫೋನ್ ಮಾಡಿ ಬರ್ತೀನಿ ಅಂದದ್ದ ಚಲೋ ಆತು. ಇಲ್ಲಂದ್ರ ಈ ಸರ್ ಏನ್ ಹೇಳ್ತಾರೇನ್ರಿ?"

ಬೇಸ್ತವಾರ. ಅಂದರೆ ದೇವಿಕಾ ಗೌರವ್ವನಿಗೆ ಫೋನ್ ಮಾಡುತ್ತಾಳೆ. ಬಸವಪ್ರಸಾದನಿಗೆ ಇದು ಗೊತ್ತಿರಲಿಲ್ಲ. ಅಷ್ಟರಲ್ಲಿ ಗೌರವ್ವನ ಮಾತು ಮುಂದೆ ಹೋಗಿತ್ತು.

"ನಿಮ್ಮ ಬ್ಯಾರಲ್ ತುಂಬೀನಿ, ಹಿತ್ತಲಾನೂ ತೊಳದೀನಿ. ಆ ಟಬ್ಬಿನಾಗ ಸರ್ ಮೀನ ಬಿಟ್ಟಾರಂತ ನನಗೇನ್ ಗೊತ್ತರೀ! ನೀರ ನೋಡಿದ್ರ ಹಾವಸಿಗಟ್ಟೇತಿ, ತಳದಾಗ ರಾಡಿ. ನಮ್ಮೂರು ಮೆಣಸಗ್ಯಾಗ ಹೊಳಿ ಬಂದು ಮನ್ಯಾಗ ರಾಡಿ ನಿಂತಾಗಿಂದ ನಿಂತ ನೀರ ಕಂಡ್ರ ನನಗ ಆಗಂಗಿಲ್ರಿ ಅಕ್ಕಾರ. ಪಾಪ, ಮುದ್ದಾದ ಮೀನು, ಆ ಹೊಲಸಿನಾಗ! ಬಕೀಟಿನಾಗ ಹಿಡದಿಟ್ಟು, ಟಬ್ ತಿಕ್ಕಿ ತೊಳದು, ಹೊಸಾ ನೀರ ತುಂಬಿ ಬಿಟ್ಟೀನಿ. ಒಂದೂ ಸತ್ತಿಲ್ಲ ನೋಡ್ರಿ!"

ಇದು ಓಣಿಯ ರೂಢಿ. ನಳ ಬಂದಾಗ ಯಾರದಾದರೂ ಮನೆಗೆ ಬೀಗವಿದ್ದರೆ ಮಗ್ಗುಲ ಮನೆಯವರು ಅವರದ್ದನ್ನೂ ತುಂಬುತ್ತಾರೆ. ತುಂಬುವ ಮೊದಲು ಹಳೆಯದನ್ನು ಚೆಲ್ಲುತ್ತಾರೆ. ಎಂಟು ಹತ್ತು ದಿನ ಚಮಚೆಯಲ್ಲಿ ಅಳೆದು ಬಳಸಿದ ನೀರನ್ನು, ಹೊಸದು ಬಂತೆಂದ ಕೂಡಲೆ, ವೈರಿಯನ್ನು ಅಟ್ಟಿದ ಹಾಗೆ ಗಟಾರಕ್ಕೆ ಅಟ್ಟುತ್ತಾರೆ. ಐದು ವರ್ಷ ಗೌರವ್ವ ಹೀಗೆ ಅವನ ಬ್ಯಾರಲ್ ತುಂಬಿದ್ದಳು. ಐದು ವರ್ಷವೂ ಅವನು ಒಂದೇ ಮಾತು ಹೇಳಿದ್ದ. ಈಗಲೂ ಅದನ್ನೇ ಹೇಳಿದ.

"ಭಾಳ ಉಪಕಾರ ಆತ್ರಿ."

ಹಿತ್ತಲು ಲಕಲಕ ಎನ್ನುತ್ತಿತ್ತು. ಟಬ್ಬಿನ ತಳ ಕಾಣುವಷ್ಟು ತಿಳಿ ನೀರು. ಕುಂಡವಿಲ್ಲ, ಇಟ್ಟಂಗಿಯಿಲ್ಲ. ನೈದಿಲೆಯ ಗಡ್ಡೆ ನೀರಿನಲ್ಲಿ ಕೊಳೆಯುತ್ತಿತ್ತೆಂದು ಗೌರವ್ವ ಅದನ್ನು ದಾಸಾಳ ಗಿಡದ ಮಗ್ಗುಲಲ್ಲಿ ನೆಲಕ್ಕೆ ಹಚ್ಚಿದ್ದಳು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ನಾಲ್ಕು ಮೀನುಗಳು ಟಬ್ಬಿನ ಈ ಗೋಡೆಯಿಂದ ಆ ಗೋಡೆಗೆ ಸುತ್ತುತ್ತಿದ್ದವು.

ದೇವಿಕಾ ಬ್ಯಾಗನ್ನು ಫರಸಿಯ ಮೇಲೆಯೇ ಇಟ್ಟು ಕೂತುಬಿಟ್ಟಳು.

"ನೀವ ತಂದ್ರ್ಯಾ?"

"ಹೂಂ."

"ಖರೇ?"

ಅವಳು ನಕ್ಕಳು. ಆ ನಗುವಿನ ಒಂದು ತುದಿಯಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತದೆ. ಅದನ್ನು ಅವನು ಮರೆತೇಬಿಟ್ಟಿದ್ದ.

"ನಮ್ಮ ಸಾಲ್ಯಾಗಿನ ಮೀನಕಿಂತ ಚುರುಕದಾವ. ನೋಡ್ರಿ, ನೋಡ್ರಿ, ನನ್ನ ಕಡೇನ ಬರಾಕತ್ತಾವ! ಬಾಯಿ ತಗದು ಏನೋ ಹೇಳಾಕತ್ತಾವ!"

ಮೀನುಗಳು ಮೇಲೆ ಬಂದಿದ್ದವು. ನೀರಿನ ಮೈಗೆ ಬಾಯಿ ಹಚ್ಚಿ ತೆರೆದು ಮುಚ್ಚುತ್ತಿದ್ದವು. ನೋಟ್‌ಬುಕ್ಕಿನ ಹನ್ನೆರಡನೆಯ ಅಂಕಿ: ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಉಸಿರು ಕಟ್ಟುತ್ತಿದೆ ಎಂದರ್ಥ. ಕೂಡಲೇ ಹಳೆಯ ನೀರಿಗೆ ಹಾಕಿ.

'ದೇವಿಕಾ, ಇವು ಸಾಯಾಕತ್ತಾವು.' ಮೂರೇ ಶಬ್ದ. ನಾಲಿಗೆಯ ತುದಿಗೆ ಬಂದವು. ಗೌರವ್ವ ಸೊಂಟದ ಮೇಲೆ ಕೈಯಿಟ್ಟು, ತನ್ನ ಕೈಯಾರೆ ತೊಳೆದ ಟಬ್ಬನ್ನು ಹೆಮ್ಮೆಯಿಂದ ನೋಡುತ್ತ ನಿಂತಿದ್ದಳು. ದೇವಿಕಾ ಇನ್ನೂ ನಗುತ್ತಿದ್ದಳು. ಅವಳು ನಗುತ್ತಿರುವುದನ್ನು ಈಗ ನಿಲ್ಲಿಸಬೇಕು. ಇನ್ನೊಂದು ನಿಮಿಷ ನಗಲಿ.

ಅಡಿಗೆಮನೆಯಲ್ಲಿ ತಾಮ್ರದ ಕೊಡವಿದೆ. ಅದರಲ್ಲಿ ಹತ್ತು ದಿನದ ಕುಡಿಯುವ ನೀರು ಅರ್ಧ ಉಳಿದಿದೆ. ನಾಲ್ಕು ಮೀನಿಗೆ ಬೇಕಾದಷ್ಟಾಯಿತು. ಆದರೆ ಆ ಕೊಡ ಎತ್ತಿಕೊಂಡು ಹಿತ್ತಲಿಗೆ ಬರಬೇಕಾದರೆ ದೇವಿಕಾಳ 'ಯಾಕ್ರಿ?' ಎಂಬುದನ್ನು ದಾಟಬೇಕು. ದಾಟಿದರೆ ಗೌರವ್ವನ ಮುಖ ಬಾಡುತ್ತದೆ. ಯಾರಿಗೂ ತಿಳಿಯದ ಹಾಗೆ ಹೊರಗಿನಿಂದ ಒಂದು ಬಕೀಟು ಹಳೇ ನೀರು ತಂದರೆ, ನೆರಳಿಗೆ ಇಡುತ್ತೇನೆ ಎಂದು ಹೇಳಿ ಮೀನುಗಳನ್ನು ಅದಕ್ಕೆ ಬದಲಿಸಬಹುದು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಅವನಿಗೆ ಇದು ಸುಲಭದ ದಾರಿಯಾಗಿ ಕಂಡಿತು.

"ಸಕ್ಕರಿ ಮುಗದೇತಿ. ತರ್ತೀನಿ," ಎಂದು ಬಕೀಟು ಹಿಡಿದುಕೊಂಡು ಹೊರಬಿದ್ದ. ಸಕ್ಕರೆಗೆ ಬಕೀಟು ಯಾಕೆ ಎಂದು ಯಾರೂ ಕೇಳಲಿಲ್ಲ.

ಎದುರು ಸಾಲಿನ ಮುಮತಾಜಬಿ ಬಾಗಿಲಿಗೆ ಬಂದಳು. ಕಾಲೇಜಿನ ಸರ್ ತನ್ನ ಹೊಸ್ತಿಲಿಗೆ ಬಂದದ್ದು ಕಂಡು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಹಳೇ ನೀರು ಐತೇನ್ರಿ?"

"ಹಳೇ ನೀರ್ರೀ? ಎದಕ್ರಿ ಸರ?"

"ಬೇಕಾಗಿತ್ರಿ."

"ಅಯ್ಯ, ನಳಾ ಬಂದಕೂಡ್ಲೇನ ಚೆಲ್ಲೀವಿ. ನಿಮ್ಮನ್ಯಾಗ ತುಂಬಿಲ್ಲೇನು? ಸಂಕೋಚ ಮಾಡಬ್ಯಾಡ್ರಿ, ಹೊಸಾದ ಒಯ್ರಿ." ಅವನು ಬೇಡ ಎನ್ನುವುದರೊಳಗೆ ಬಕೀಟು ಅವಳ ಕೈಗೆ ಹೋಗಿ, ಥಳಥಳ ತುಂಬಿ ಮರಳಿ ಬಂತು. ಉಪಕಾರ ಆತ್ರಿ ಎಂದ. ತುಂಬಿದ ಬಕೀಟನ್ನು ತಿರುವಿನವರೆಗೆ ಹೊತ್ತು, ಅತ್ತಿತ್ತ ನೋಡಿ, ಗಟಾರಕ್ಕೆ ಸುರುವಿದ. ಕಳ್ಳತನ ಮಾಡಿದ ಹಾಗಾಯಿತು.

ಓಣಿಯ ಬೋರು ಕೆಟ್ಟು ಎರಡು ತಿಂಗಳು. ಶುದ್ಧ ನೀರಿನ ಘಟಕ ಐತವಾರ ಬಂದ್. ಪರಶಪ್ಪನ ಎಮ್ಮೆ ನೀರು ಕುಡಿಯುವ ಕಲ್ಲಬಾನಿಯಲ್ಲಾದರೂ ಇದ್ದೀತು ಎಂದು ಹೋದ. ಬಾನಿ ತಿಕ್ಕಿ ಫಳಫಳ ಮಾಡಿ ಅಂಚಿನವರೆಗೆ ತುಂಬಿದ್ದರು.

"ಎಮ್ಮಿಗೂ ಇವತ್ತ ಹೊಸಾ ನೀರ ರೀ ಸರ," ಎಂದು ಪರಶಪ್ಪ ನಕ್ಕ. "ನಿಮಗ ಹಳೇದ ಯಾಕ ಬೇಕಾತು?"

"ಸುಮ್ನರಿ."

ಮೂಲೆಯ ಪಂಕ್ಚರ್ ಅಂಗಡಿಯ ಬಾಬುಸಾಬ ಮಾತ್ರ ಇಲ್ಲ ಎನ್ನಲಿಲ್ಲ. ಟ್ಯೂಬು ಮುಳುಗಿಸಿ ನೋಡುವ ತನ್ನ ಕಬ್ಬಿಣದ ಬುಟ್ಟಿ ತೋರಿಸಿದ. "ಇದೊಂದ ಐತ್ರಿ ಹಳೇದು. ತಿಂಗಳಾತು ಬದಲಿ ಮಾಡಿಲ್ಲ." ಕಡುಗಪ್ಪು ನೀರು. ಮೇಲೆ ಎಣ್ಣೆಯ ಪೊರೆ, ರಬ್ಬರಿನ ಚೂರು. ಬಸವಪ್ರಸಾದ ಬಗ್ಗಿ ನೋಡಿದ. ಒಂದು ಕ್ಷಣ ಅವನು ನಿಜವಾಗಿಯೂ ಲೆಕ್ಕ ಹಾಕುತ್ತಿದ್ದ.

"ಪಂಕ್ಚರ್ ನೋಡೂದೈತೇನ್ರಿ ಸರ? ಗಾಡಿ ಎಲ್ಲೈತಿ?"

"ಮನ್ಯಾಗೈತ್ರಿ."

ಅವನ ಬಳಿ ಗಾಡಿಯೇ ಇರಲಿಲ್ಲ. ಖಾಲಿ ಬಕೀಟು ಹಿಡಿದು ರಸ್ತೆಯ ನಡುವೆ ನಿಂತ. ಮೂರು ಕಡೆಯೂ ಎದಕ್ಕೆಂದು ಕೇಳಿದ್ದರು. ನಾಲ್ಕು ಮೀನು ಸಾಯಾಕತ್ತಾವ್ರಿ ಎಂದು ಒಂದು ಕಡೆ ಹೇಳಿದ್ದರೂ ಇಡೀ ಓಣಿ ಎದ್ದು ಹುಡುಕುತ್ತಿತ್ತು. ಯಾರೋ ದೇವರ ತಂಬಿಗೆಯನ್ನಾದರೂ ತಂದು ಸುರಿಯುತ್ತಿದ್ದರು. ಈ ಜನ ಅಂಥವರು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಾಗಲಿಲ್ಲ. ಥೂ, ಎಂಥ ಮನುಷ್ಯ ನಾನು!

ಹೇಳಿಬಿಡುತ್ತೇನೆ. ಕೊಡ ಎತ್ತಿಕೊಂಡು ಹೊರಗೆ ಬರುತ್ತೇನೆ. ಯಾಕ್ರಿ ಅನ್ನಲಿ, ಹೇಳುತ್ತೇನೆ. ನಲವತ್ತಾರು ವಯಸ್ಸಿನ ಲೆಕ್ಚರರು ಓಣಿಯಲ್ಲಿ ಬಕೀಟು ಕಾಲಿಗೆ ಬಡಿಸಿಕೊಳ್ಳುತ್ತ ಓಡಿದ್ದನ್ನು ಅವತ್ತು ಕೆಲವರು ನೋಡಿದರು.

ಅಡಿಗೆಮನೆಯಿಂದ ಗುಳುಗುಳು ಸದ್ದು ಬರುತ್ತಿತ್ತು. ದೇವಿಕಾ ಸೀರೆ ಎತ್ತಿ ಸಿಕ್ಕಿಸಿ, ಕೊಡವನ್ನು ಬಚ್ಚಲ ಮೇಲೆ ಪೂರ್ತಿ ಬೋರಲು ಹಿಡಿದಿದ್ದಳು. ಕೊನೆಯ ನೀರು ಒಂದೆರಡು ಸಲ ತೊದಲಿ ನಿಂತಿತು.

"ಎಂದಿನ ನೀರ್ರೀ ಇದು? ಹತ್ತ ದಿನದ್ದು ಕುಡ್ಯಾಕತ್ತೀರೇನು?" ಅವಳು ಬೈಯುತ್ತಿದ್ದಳು. "ಕೊಡಾ ನೋಡ್ರಿ, ಕಿಲುಬು ಹಿಡದೈತಿ. ನಾ ಇರಲಿಲ್ಲಂದ್ರ ಹಿಂಗ."

ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕತೊಡಗಿದಳು. ಈ ಬೈಗುಳಕ್ಕೆ ಅವನು ಹನ್ನೊಂದು ತಿಂಗಳು ಕಾದಿದ್ದ. ಇರಲು ಬಂದವರು ಮಾತ್ರ ಹೀಗೆ ಬೈಯುತ್ತಾರೆ, ಹೀಗೆ ಕೊಡ ತಿಕ್ಕುತ್ತಾರೆ. ಅವನು ಬಕೀಟು ಹಿಡಿದೇ ಬಾಗಿಲ ಚೌಕಟ್ಟಿಗೆ ಒರಗಿದ. ಸಂತೋಷವೋ ಸಂಕಟವೋ ಎಂದು ಬೇರೆ ಮಾಡಲು ಬರಲಿಲ್ಲ.

"ಸಕ್ಕರಿ?"

"ಸಿಗಲಿಲ್ಲ."

"ಡಬ್ಬಿ ತುಂಬ ಐತಲ್ಲ."

ಅವಳ ಕೈ ನಿಂತಿತು. ತಿರುಗಿ ಅವನ ಮುಖ ನೋಡಿದಳು, ಆಮೇಲೆ ಬಕೀಟು ನೋಡಿದಳು.

"ಮತ್ತ ಎಲ್ಲಿ ಹೋಗಿದ್ರಿ?"

ಬಾಯಿ ತೆರೆದ. ಮೂರು ಶಬ್ದ ಇನ್ನೂ ಅಲ್ಲೇ ಇದ್ದವು. ಈಗ ಹೇಳಿದರೆ, ಅವಳ ಕೈಯಿಂದಲೇ ಕೊನೆಯ ನೀರು ಹೋಯಿತು ಎಂದಾಗುತ್ತದೆ.

"ಸುಮ್ನ. ಒಂದ ಸುತ್ತ ಹಾಕಿ ಬಂದೆ."

ಅವಳು ಸ್ವಲ್ಪ ಹೊತ್ತು ಕಾದಳು. ಗೋಡೆಯಾಚೆಯಿಂದ ಗೌರವ್ವ ಕಾದ ಹಾಗೆಯೇ. ಮತ್ತೆ ತಿಕ್ಕತೊಡಗಿದಳು. ಕೊಡ ತೊಳೆದು, ಬ್ಯಾರಲಿನ ಹೊಸ ನೀರು ತುಂಬಿ, ಅಂಚು ಒರೆಸಿ, ಅವನ ಕಡೆ ನೋಡದೆ ಹೇಳಿದಳು.

"ನಾಳೆ ರೋಣಾನ ತಗೋತೀನಿ. ಇಲ್ಲಿಂದನ ಗದಗಿಗೆ ಹೋಗ್ತೀನಿ. ನಾ ಫೋನಿನಾಗ ಮೀನಿನ ಮಾತು ಆಡಿದ್ದು ನೀವು ಕೇಳಿಸ್ಕೊಂಡಿದ್ರಿ ಅಂತ ಆತಲ್ಲ. ನನಗ ಅಷ್ಟ ಸಾಕು." ಸೆರಗಿಗೆ ಕೈ ಒರೆಸಿಕೊಂಡಳು. "ಆದ್ರ ಒಂದ ಮಾತು. ಇನ್ನ ಮ್ಯಾಲ ಏನಿದ್ರೂ ನನಗ ಹೇಳಬೇಕು. ಸಣ್ಣದಿರ್ಲಿ, ದೊಡ್ಡದಿರ್ಲಿ. ಹೇಳ್ತೀರಿಲ್ಲ?"

"ಹೂಂ."

"ಅಕ್ಕಾರ, ಲಗೂ ಬರ್ರಿ!" ಹಿತ್ತಲಿನಿಂದ ಗೌರವ್ವ ಕೂಗಿದಳು. "ಪಾಪ, ಎಷ್ಟ ಹಸದಾವ ನೋಡ್ರಿ! ಒಂದ ಸಮನ ಬಾಯಿ ತಗ್ಯಾಕತ್ತಾವ!"

ಗೌರವ್ವ ತನ್ನ ಮನೆಯಿಂದ ಒಂದು ಪುಟ್ಟಿ ಚುರುಮುರಿ ತಂದು ಟಬ್ಬಿನ ಮುಂದೆ ಕೂತಿದ್ದಳು. ದೇವಿಕಾ ಅವಳ ಮಗ್ಗುಲಿಗೆ ಹೋಗಿ ಕೂತಳು. ಇಬ್ಬರೂ ಹಿಡಿ ಹಿಡಿ ಹಾಕಿದರು. ಬಸವಪ್ರಸಾದ ಅವರ ಹಿಂದೆ ನಿಂತ. ಬಿಸಿಲು ಇಳಿಯುತ್ತಿತ್ತು.

"ಇವು ಎಷ್ಟ ದಿನ ಬದುಕತಾವ್ರಿ?" ದೇವಿಕಾ ತಲೆಯೆತ್ತದೆ ಕೇಳಿದಳು.

"ಹತ್ತು ಹದಿನೈದು ವರ್ಷ," ಎಂದ. ನೋಟ್‌ಬುಕ್ಕಿನಲ್ಲಿ ಹಾಗೆಯೇ ಇತ್ತು.

"ಅಲಲಲ! ಹಂಗಾರ ನಮ್ಮ ಜೋಡೀನ ಮುದುಕ ಆಗ್ತಾವ," ಎಂದು ಗೌರವ್ವ ನಕ್ಕಳು. ದೇವಿಕಾ ಅವನ ಕೈ ಹಿಡಿದು ಎಳೆದು ಕೂರಿಸಿ, ಅಂಗೈಗೆ ಒಂದು ಹಿಡಿ ಚುರುಮುರಿ ಸುರಿದಳು. ಅವಳ ಬೆರಳು ಇನ್ನೂ ಹಸಿಯಾಗಿದ್ದವು.

"ನೀವೂ ಹಾಕ್ರಿ."

ಅವನು ಹಾಕಿದ. ನೀರು ಕಾಣದ ಹಾಗೆ ಚುರುಮುರಿ ಬೆಳ್ಳಗೆ ಮುಚ್ಚಿಕೊಂಡಿತ್ತು. ಅದರ ಅಡಿಯಲ್ಲಿ ಬಾಯಿ ಇದ್ದ ಕಡೆ ಮಾತ್ರ ಕಾಳು ಅಲುಗುತ್ತಿದ್ದವು. ಮೂರು ಕಡೆ. ಗೌರವ್ವ ತನ್ನ ಹೊಸ ಸೊಸೆಯ ಸುದ್ದಿ ಹೇಳುತ್ತಿದ್ದಳು, ದೇವಿಕಾ ಹೌದೇನ್ರಿ, ಹೌದೇನ್ರಿ ಎನ್ನುತ್ತಿದ್ದಳು. ಆಮೇಲೆ ಎರಡು ಕಡೆ. ಅವನು ಅಂಗೈಯಲ್ಲಿ ಉಳಿದದ್ದನ್ನೂ ಅಲುಗಾಟ ನಿಂತ ಜಾಗದ ಮೇಲೆ ಉದುರಿಸಿ, ಪುಟ್ಟಿಗೆ ಕೈ ಚಾಚಿದ.